ಹಿಂಬಾಗಿಲಿಲ್ಲದ ಮನೆಗಳು

ಬರ್ಮಿಂಗ್‌ಹ್ಯಾಮ್ ನಗರದ ನ್ಯೂ ಸ್ಟ್ರೀಟ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಹರ್ಸ್ಟ್ ಸ್ಟ್ರೀಟ್ ಮತ್ತು ಇಂಜ್ ಸ್ಟ್ರೀಟ್ ಕೂಡುವ ಮೂಲೆ ಸಿಗುತ್ತದೆ. ಎದುರಿಗೆ ಹಿಪೊಡ್ರೋಮ್ ಎಂಬ ದೊಡ್ಡ ನಾಟಕಶಾಲೆ, ಆಸುಪಾಸಿನಲ್ಲಿ ಚೀನೀ ಹೋಟೆಲುಗಳು. ಎರಡು ವರ್ಷದ ಹಿಂದೆ ಮೊದಲ ಸಲ ಅಲ್ಲಿಗೆ ಹೋದಾಗ, ನಾನು ಹುಡುಕುತ್ತಿದ್ದ ಕಟ್ಟಡದ ಮುಂದೆಯೇ ಹಾದುಹೋಗಿ, ಮುಂದಿನ ಸಿಗ್ನಲ್ಲಿನಿಂದ ವಾಪಸು ಬಂದೆ. ಕಣ್ಣು ಹಿಡಿದು ನಿಲ್ಲಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕೆಂಪು ಇಟ್ಟಿಗೆಯ ಮೂರಂತಸ್ತಿನ ಒಂದು ಸಾಲು, ಕೆಳಗೆ ಅಂಗಡಿ ಮುಂಗಟ್ಟು, ಮೇಲೆ ಚಿಕ್ಕ ಕಿಟಕಿಗಳು, ಅಷ್ಟೇ. ಇದನ್ನು ನೋಡಲು ಜನ ಮೊದಲೇ ಟಿಕೆಟ್ ತೆಗೆದುಕೊಂಡು ಬರುತ್ತಾರೆ. ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುವ ಈ ಜಾಗಕ್ಕೆ ಮಾರ್ಗದರ್ಶಿಯೊಬ್ಬರ ಜೊತೆ ಸಣ್ಣ ಗುಂಪಾಗಿಯೇ ಹೋಗಬೇಕು. ಒಳಗಿನ ಕೋಣೆಗಳಲ್ಲಿ ಅದಕ್ಕಿಂತ ಹೆಚ್ಚು ಜನ ಹಿಡಿಸುವುದೇ ಇಲ್ಲ.

ಕಾರ್ಮಿಕರ ವಸತಿಯ ಇತಿಹಾಸ ನನ್ನ ಸಂಶೋಧನೆಯ ವಿಷಯ. ಮೊದಲ ಅಧ್ಯಾಯಕ್ಕೆ ಈ ಕಟ್ಟಡವನ್ನು ಆರಿಸಿಕೊಂಡಾಗ ಸೆಮಿನಾರಿನಲ್ಲಿ ಹಿರಿಯರೊಬ್ಬರು, ‘ಇದರಲ್ಲಿ ವಾಸ್ತುಶಿಲ್ಪ ಎಲ್ಲಿದೆ?’ ಎಂದು ಕೇಳಿದ್ದರು. ಕಂಬವಿಲ್ಲ, ಕಮಾನಿಲ್ಲ, ಕಟ್ಟಿದ ಶಿಲ್ಪಿಯ ಹೆಸರಿಲ್ಲ. ಆದರೂ ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ 1988ರಲ್ಲಿ ಎರಡನೇ ದರ್ಜೆಯ ಸ್ಥಾನ ಸಿಕ್ಕಿದೆ. ಆವತ್ತು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯಲು ನೋಡುತ್ತೇನೆ.

*

ಮೊದಲು ಒಂದು ಪದದ ಗೊಂದಲ. ನಮ್ಮಲ್ಲಿ ಟೆರೇಸ್ ಎಂದರೆ ಹಪ್ಪಳ ಒಣಗಿಸುವ ತಾರಸಿ. ಇಂಗ್ಲೆಂಡಿನಲ್ಲಿ ಟೆರೇಸ್ ಎಂದರೆ ಅಕ್ಕಪಕ್ಕದ ಗೋಡೆಗಳನ್ನು ಹಂಚಿಕೊಂಡು ಒಂದೇ ಸೂರಿನ ಕೆಳಗೆ ಸಾಲಾಗಿ ನಿಂತ ಮನೆಗಳು. ಲಂಡನ್ನಿನ ಶ್ರೀಮಂತರ ಬಡಾವಣೆಯಲ್ಲೂ ಟೆರೇಸ್ ಉಂಟು, ಗಿರಣಿ ಊರಿನ ಬಡವರಿಗೂ ಟೆರೇಸ್ ಉಂಟು. ವಿಕ್ಟೋರಿಯಾ ರಾಣಿಯ ಕಾಲದ ನಗರಗಳು ಬೆಳೆದದ್ದೇ ಈ ಸಾಲುಮನೆಗಳಿಂದ. ಸಾಮಾನ್ಯ ಸಾಲುಮನೆಗೆ ಬೀದಿಯ ಕಡೆ ಒಂದು ಮುಖ, ಹಿತ್ತಿಲ ಕಡೆ ಒಂದು ಬೆನ್ನು. ಎರಡೂ ಕಡೆ ಬಾಗಿಲು, ಕಿಟಕಿ. ಮುಂದಿನಿಂದ ಬಂದ ಗಾಳಿ ಹಿಂದಿನಿಂದ ಹೋಗುತ್ತದೆ.

ಹರ್ಸ್ಟ್ ಸ್ಟ್ರೀಟಿನ ಮೂಲೆಯ ಮನೆಗಳು ಇದರ ಒಂದು ಕಠೋರ ರೂಪ. ಇಂಗ್ಲಿಷಿನಲ್ಲಿ ಇವಕ್ಕೆ ಬ್ಯಾಕ್-ಟು-ಬ್ಯಾಕ್ ಎನ್ನುತ್ತಾರೆ. ಕನ್ನಡದಲ್ಲಿ ಬೆನ್ನುಮನೆ ಎನ್ನಬಹುದೇನೋ. ಒಂದು ಸಾಲಿನ ನಡುವೆ ಉದ್ದಕ್ಕೂ ಒಂದು ಗೋಡೆ ಎಬ್ಬಿಸಿ, ಅದರ ಈಚೆಗೊಂದು, ಆಚೆಗೊಂದು ಮನೆ ಮಾಡುತ್ತಾರೆ. ಈಚಿನ ಮನೆಗೆ ಬೀದಿಯ ಕಡೆ ಬಾಗಿಲು, ಆಚಿನ ಮನೆಗೆ ಒಳಗಿನ ಅಂಗಳದ ಕಡೆ ಬಾಗಿಲು. ಯಾವ ಮನೆಗೂ ಹಿಂಬಾಗಿಲಿಲ್ಲ, ಹಿಂದಿನ ಕಿಟಕಿಯೂ ಇಲ್ಲ. ಕೆಳಗೊಂದು ಕೋಣೆ, ಅದರ ಮೇಲೊಂದು, ಅದರ ಮೇಲೆ ಮತ್ತೊಂದು. ನಡುವೆ ಏಣಿಗಿಂತ ಸ್ವಲ್ಪ ವಾಸಿಯಾದ ಇಕ್ಕಟ್ಟಿನ ಮೆಟ್ಟಿಲು. ಅಡುಗೆ, ಊಟ, ಕೂರುವುದು ಎಲ್ಲಾ ಕೆಳಗಿನ ಕೋಣೆಯಲ್ಲಿ. ಮಲಗುವುದು ಮೇಲೆ.

ಹೀಗೇಕೆ ಕಟ್ಟಿದರು ಎಂಬುದಕ್ಕೆ ಇಟ್ಟಿಗೆಯ ಲೆಕ್ಕವೇ ಉತ್ತರ. ಒಂಟಿ ಮನೆಗೆ ನಾಲ್ಕು ಗೋಡೆ ಬೇಕು. ಸಾಲುಮನೆಗೆ ಎರಡು ಗೋಡೆ ಸ್ವಂತದ್ದು, ಎರಡು ನೆರೆಯವರೊಡನೆ ಪಾಲಿನದು. ಪಾಲಿನದನ್ನು ಅರ್ಧರ್ಧ ಎಣಿಸಿದರೆ ಒಟ್ಟು ಮೂರು. ಬೆನ್ನುಮನೆಗೆ ಸ್ವಂತ ಗೋಡೆ ಒಂದೇ, ಉಳಿದ ಮೂರೂ ಪಾಲಿನವು. ಅಂದರೆ ಎರಡೂವರೆ ಗೋಡೆಗೆ ಒಂದು ಮನೆ. ಜಾಗದ ಲೆಕ್ಕವಂತೂ ಇನ್ನೂ ಸಲೀಸು: ಒಂದು ಮನೆ ಕೂರುವ ಅಗಲದಲ್ಲಿ ಎರಡು ಬಾಡಿಗೆ. ಕಟ್ಟಿಸುವವನ ಪುಸ್ತಕದಲ್ಲಿ ಇದು ಉಳಿತಾಯ. ಒಳಗೆ ಮಲಗಿದವನ ಪಾಲಿಗೆ ಅದೇ ಉಳಿತಾಯ ಎಂದರೆ ಗೋಡೆಯಾಚೆಯ ಮಗುವಿನ ಕೆಮ್ಮು.

ಇಟ್ಟಿಗೆಯ ಉಳಿತಾಯಕ್ಕೆ ಆಗ ಇನ್ನೊಂದು ಕಾರಣವೂ ಇತ್ತು. ಅಮೆರಿಕದ ಯುದ್ಧದ ಖರ್ಚು ತುಂಬಿಸಲು ಬ್ರಿಟಿಷ್ ಸರ್ಕಾರ 1784ರಲ್ಲಿ ಇಟ್ಟಿಗೆಗೆ ತೆರಿಗೆ ಹಾಕಿತು. ಸಾವಿರ ಇಟ್ಟಿಗೆಗೆ ಇಷ್ಟು ಎಂದು ವಸೂಲಿ. ಎಣಿಕೆ ಕಡಿಮೆ ಮಾಡಲು ಇಟ್ಟಿಗೆ ಸುಡುವವರು ಗಾತ್ರ ದೊಡ್ಡದು ಮಾಡಿದರು. ಅದನ್ನು ಕಂಡ ಸರ್ಕಾರ 1803ರಲ್ಲಿ ದೊಡ್ಡ ಇಟ್ಟಿಗೆಗೆ ದುಪ್ಪಟ್ಟು ತೆರಿಗೆ ಹಾಕಿತು. ಈ ತೆರಿಗೆ ಹೋದದ್ದು 1850ರಲ್ಲಿ. ಹರ್ಸ್ಟ್ ಸ್ಟ್ರೀಟ್ ಮೂಲೆಯ ಮನೆಗಳು ಎದ್ದದ್ದು 1802ರಿಂದ 1831ರ ನಡುವೆ, ಅಂದರೆ ಪೂರ್ತಿ ಈ ತೆರಿಗೆಯ ನೆರಳಿನಲ್ಲಿ. ಹಾಗಾಗಿ ಹುಟ್ಟಿನಿಂದ ಇವು ವಿಕ್ಟೋರಿಯಾ ರಾಣಿಯ ಆಳ್ವಿಕೆಗಿಂತ ಹಿರಿಯವು. ಆದರೆ ರಾಣಿ ಪಟ್ಟಕ್ಕೆ ಬಂದ 1837ರಿಂದ ಆಕೆ ತೀರಿಕೊಂಡ 1901ರ ತನಕ ಒಂದು ದಿನವೂ ಖಾಲಿ ಕೂರದೆ ಜನರನ್ನು ತುಂಬಿಕೊಂಡಿದ್ದವು. ನಾವು ವಿಕ್ಟೋರಿಯನ್ ಇಂಗ್ಲೆಂಡ್ ಎಂದು ಓದುವ ಲೋಕದ ದುಡಿಯುವ ಅರ್ಧ ಬದುಕಿದ್ದು ಇಂಥ ಗೋಡೆಗಳ ನಡುವೆಯೇ.

*

ಭೂಮಿ ಗೂಚ್ ಎಂಬ ಜಮೀನ್ದಾರಿ ಮನೆತನದ್ದು. ಅದನ್ನು ಗುತ್ತಿಗೆ ಹಿಡಿದದ್ದು ವಿಲ್‌ಮೋರ್ ಕುಟುಂಬ. ಈ ವಿಲ್‌ಮೋರನ ಕಸುಬನ್ನು ದಾಖಲೆಗಳು ‘ಟಾಯ್‌ಮೇಕರ್’ ಎನ್ನುತ್ತವೆ. ಆಟಿಕೆ ಮಾಡುವವನೆಂದು ನಾನೂ ಮೊದಲು ಮೋಸಹೋಗಿದ್ದೆ. ಆ ಕಾಲದ ಬರ್ಮಿಂಗ್‌ಹ್ಯಾಮಿನಲ್ಲಿ ಟಾಯ್ ಎಂದರೆ ಗುಂಡಿ, ಬಕಲ್ಲು, ನಶ್ಯದ ಡಬ್ಬಿಯಂಥ ಸಣ್ಣ ಲೋಹದ ಸಾಮಾನು. ಮ್ಯಾಂಚೆಸ್ಟರಿನಂತೆ ಸಾವಿರ ಜನರನ್ನು ನುಂಗುವ ಗಿರಣಿಗಳ ಊರಲ್ಲ ಇದು. ಚಿಕ್ಕ ಚಿಕ್ಕ ಕಾರ್ಖಾನೆ, ಮನೆಯಲ್ಲೇ ಕುಲುಮೆ, ಅಟ್ಟದ ಮೇಲೆ ಕೆಲಸದ ಮೇಜು. ಹೀಗಾಗಿ ಮನೆ ಬೇಕಾದದ್ದು ಊರಿನ ನಡುವೆಯೇ, ಕೆಲಸಕ್ಕೆ ಅಂಟಿಕೊಂಡೇ. ಜಾಗ ಸಾಲದೆ ಹೋದಾಗ ಹಳೆಯ ಹಿತ್ತಿಲುಗಳೊಳಗೇ ಹೊಸ ಮನೆಗಳು ಎದ್ದವು. ಬೀದಿಯಿಂದ ನೋಡಿದರೆ ಒಂದು ಸಾಲು. ಅದರ ಹೊಟ್ಟೆಯೊಳಗೆ ಇನ್ನೊಂದು ಊರು.

ಆ ಒಳಗಿನ ಅಂಗಳಕ್ಕೆ ಕೋರ್ಟ್ ಎಂದು ಹೆಸರು. ನಮ್ಮ ಮಾತಿನಲ್ಲಿ ವಠಾರ. ಬೀದಿಯ ಎರಡು ಮನೆಗಳ ನಡುವೆ ಸುರಂಗದಂಥ ಓಣಿಯಲ್ಲಿ ನುಗ್ಗಿ ಹೋದರೆ ವಠಾರ ತೆರೆದುಕೊಳ್ಳುತ್ತದೆ. ಅಲ್ಲಿ ಎಲ್ಲರಿಗೂ ಸೇರಿದ ಕಕ್ಕಸು, ಬೂದಿಗುಂಡಿ, ಬಟ್ಟೆ ಒಗೆಯುವ ಕೊಠಡಿ. ಒಗೆಯುವ ಕೊಠಡಿಗೆ ಜನ ಇಟ್ಟ ಹೆಸರು ಬ್ರೂಹೌಸ್, ಅಂದರೆ ಬಿಯರ್ ಕಾಯಿಸುವ ಮನೆ. ಬಾಯಿಮಾತಿನಲ್ಲಿ ಅದು ‘ಬ್ರೂಸ್’ ಆಯಿತು. ಹಂಡೆಯ ಕೆಳಗೆ ಬೆಂಕಿ ಹಾಕುವ ಸರದಿ ಯಾರದೆಂಬುದು ವಠಾರದ ಹೆಂಗಸರ ಪಂಚಾಂಗ. ನಮ್ಮ ಕಡೆ ನಲ್ಲಿಯ ಮುಂದೆ ಕೊಡಗಳ ಸಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಳಿದಿರುವ ಈ ವಠಾರಕ್ಕೆ 15ನೇ ಕೋರ್ಟ್ ಎಂದು ಸಂಖ್ಯೆ. ಹನ್ನೊಂದು ಮನೆಗಳು. ಇಂಜ್ ಸ್ಟ್ರೀಟ್ ಕಡೆ ಮೂರು ಜೋಡಿ ಬೆನ್ನುಮನೆಗಳು, ಹರ್ಸ್ಟ್ ಸ್ಟ್ರೀಟ್ ಕಡೆ ಐದು ‘ಕುರುಡು ಬೆನ್ನಿನ’ ಮನೆಗಳು. ಕುರುಡು ಬೆನ್ನು ಎಂದರೆ, ಹಿಂದೆ ಇನ್ನೊಂದು ಮನೆ ಆತುಕೊಂಡಿಲ್ಲದಿದ್ದರೂ ಹಿಂಗೋಡೆಯಲ್ಲಿ ಬಾಗಿಲು ಕಿಟಕಿ ಬಿಡದೆ ಕಟ್ಟುವ ಪದ್ಧತಿ. ಮುಂದಿನ ಮನೆಗೆ ಬೀದಿಯ ಸಂಖ್ಯೆ ಉಂಟು. ಹಿಂದಿನ ಮನೆಗೆ ಸ್ವಂತ ವಿಳಾಸವೂ ಇಲ್ಲ. ಬರ್ಮಿಂಗ್‌ಹ್ಯಾಮಿನ ದಾಖಲೆಗಳಲ್ಲಿ ಅದು ‘ಇಂಥ ಸಂಖ್ಯೆಯ ಹಿಂದಿನ ಒಂದನೆಯದು’, ‘ಹಿಂದಿನ ಎರಡನೆಯದು’. ಹಿಂದಿನ ಮನೆಗೆ ಬಾಡಿಗೆ ಕಡಿಮೆ. ಮಾನವೂ ಕಡಿಮೆಯೇ ಇದ್ದಿರಬೇಕು.

ಬಾಡಿಗೆದಾರರ ಹೆಸರುಗಳು ನಮಗೆ ಸಿಗುವುದು ಜನಗಣತಿಯಿಂದ. ಬ್ರಿಟನ್ನಿನ ಗಣತಿಯಲ್ಲಿ 1841ರಿಂದ ಮನೆಮನೆಯ ಹೆಸರುಗಳು ಉಳಿದುಬಂದಿವೆ. ವಿವರಗಳನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ಬಿಚ್ಚುತ್ತಾರೆ, 1921ರದು ಓದುಗರಿಗೆ ಸಿಕ್ಕಿದ್ದು 2022ರಲ್ಲಿ. ಆ ಪುಟಗಳ ಕಾರಣ ಇವತ್ತು ಸಂದರ್ಶಕರು ಒಂದೊಂದು ಮನೆಯನ್ನು ಒಂದೊಂದು ಕುಟುಂಬದ ಹೆಸರಿನಲ್ಲಿ, ಒಂದೊಂದು ಕಾಲದ ಸಾಮಾನಿನ ಜೊತೆ ನೋಡುತ್ತಾರೆ. 1840ರ ದಶಕದ ಲೆವಿ ಕುಟುಂಬ ಯಹೂದಿಗಳದು, ಕಸುಬು ಗಡಿಯಾರದ ಕೆಲಸ. 1870ರ ದಶಕದ ಓಲ್ಡ್‌ಫೀಲ್ಡ್ ಗಾಜಿನ ಕಣ್ಣು ಮಾಡುತ್ತಿದ್ದ. ಗೊಂಬೆಗಳಿಗೂ, ಕಣ್ಣು ಕಳೆದುಕೊಂಡ ಮನುಷ್ಯರಿಗೂ. ಮಿಚೆಲ್ ಎಂಬ ಬೀಗದ ಕೆಲಸದವರ ಕುಟುಂಬ ತಲೆಮಾರುಗಳ ಕಾಲ, 1930ರ ದಶಕದವರೆಗೂ, ಇದೇ ವಠಾರದಲ್ಲಿತ್ತು. ಕೊನೆಯದು ಕೆರಿಬಿಯನ್ನಿನ ಸೇಂಟ್ ಕಿಟ್ಸ್ ದ್ವೀಪದಿಂದ ಬಂದ ಒಬ್ಬ ದರ್ಜಿಯ ಅಂಗಡಿ. 1970ರ ದಶಕದಿಂದ 2001ರವರೆಗೂ ಅದು ಇಲ್ಲಿ ನಡೆಯಿತು. ಅರ್ಧ ಹೊಲಿದ ಕೋಟುಗಳು, ಕಾಗದದ ಕಟಿಂಗುಗಳು ಈಗಲೂ ಅಲ್ಲೇ ತೂಗುತ್ತಿವೆ.

ಗಾಜಿನ ಕಣ್ಣಿನವನ ಕೋಣೆಯಲ್ಲಿ ನಿಂತಾಗ ನಾನು ಕಿಟಕಿಯನ್ನು ನೋಡಿದೆ. ಇದ್ದದ್ದು ಒಂದೇ ಕಡೆ. ಕಣ್ಣುಪಾಪೆಯ ಬಣ್ಣ ಹೊಂದಿಸುವ ಕೆಲಸಕ್ಕೆ ಬೇಕಾದ ಬೆಳಕೆಲ್ಲ ಆ ಒಂದು ಚೌಕದಿಂದಲೇ ಬರಬೇಕಿತ್ತು. ಕೋಣೆಯ ಹಿಂದಿನ ಅರ್ಧ ಹಗಲಲ್ಲೂ ಮಬ್ಬಾಗಿತ್ತು.

*

ಇಂಥ ವಠಾರಗಳ ಬಗ್ಗೆ ಗೊಣಗು ಬೇಗನೆ ಶುರುವಾಯಿತು. 1840ರ ದಶಕದ ನೈರ್ಮಲ್ಯ ವರದಿಗಳ ಪ್ರಕಾರ ಬರ್ಮಿಂಗ್‌ಹ್ಯಾಮಿನಲ್ಲಿ ಸುಮಾರು 2,000 ವಠಾರಗಳಿದ್ದವು, ಅವುಗಳಲ್ಲಿ ಹತ್ತಿರ ಹತ್ತಿರ 50,000 ಜನ. ಚರಂಡಿಯಿಲ್ಲದ ಅಂಗಳ, ಕಕ್ಕಸಿನ ಪಕ್ಕದ ಬಾವಿ, ಗಾಳಿಯಾಡದ ಕೋಣೆ. ವೈದ್ಯರು ಮತ್ತೆ ಮತ್ತೆ ಬೊಟ್ಟು ಮಾಡಿದ್ದು ನಡುಗೋಡೆಯ ಕಡೆಗೆ: ಮನೆಯ ಬೆನ್ನು ಮುಚ್ಚಿಹೋದರೆ ಗಾಳಿ ಒಳಗೆ ಬಂದರೂ ಹೊರಗೆ ಹೋಗುವ ದಾರಿಯಿಲ್ಲ. 1876ರಲ್ಲಿ ನಗರಾಡಳಿತ ಹೊಸ ಬೆನ್ನುಮನೆಗಳನ್ನು ಕಟ್ಟುವುದನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 1909ರಲ್ಲಿ ಬಂತು. ಆದರೂ ಲೀಡ್ಸ್ ನಗರದಲ್ಲಿ ಮೊದಲೇ ಒಪ್ಪಿಗೆ ಪಡೆದ ನಕ್ಷೆಗಳ ಹೆಸರಿನಲ್ಲಿ 1937ರವರೆಗೂ ಕಟ್ಟುತ್ತಲೇ ಹೋದರು.

ಹೊಸದನ್ನು ಕಟ್ಟಬಾರದೆಂದಿದ್ದು ಸರಿ, ಹಳೆಯದರಲ್ಲಿ ಇದ್ದವರ ಪಾಡೇನು? ಜೋಸೆಫ್ ಚೇಂಬರ್ಲಿನ್ ಮೇಯರ್ ಆಗಿದ್ದಾಗ, 1875ರಲ್ಲಿ, ಕೊಳೆಗೇರಿ ಕೆಡವುವ ದೊಡ್ಡ ಯೋಜನೆ ಸಿದ್ಧವಾಯಿತು. ಕೆಡವಿದ ಜಾಗದಲ್ಲಿ ಎದ್ದದ್ದು ಕಾರ್ಪೊರೇಷನ್ ಸ್ಟ್ರೀಟ್ ಎಂಬ ವೈಭವದ ಅಂಗಡಿಬೀದಿ. ಎಬ್ಬಿಸಿ ಕಳಿಸಿದ ಬಡವರು ಬಹುಪಾಲು ಉಳಿದ ವಠಾರಗಳಿಗೇ ಹೋಗಿ ಇನ್ನಷ್ಟು ಒತ್ತಿಕೊಂಡು ಕೂತರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೂ ನಗರದಲ್ಲಿ 40,000ಕ್ಕೂ ಹೆಚ್ಚು ಬೆನ್ನುಮನೆಗಳು, ಅವುಗಳಲ್ಲಿ ಸುಮಾರು ಎರಡು ಲಕ್ಷ ಜನ ಇದ್ದರು. ನಿಜವಾದ ಕೆಡವುವಿಕೆ ನಡೆದದ್ದು ಎರಡನೇ ಮಹಾಯುದ್ಧದ ನಂತರ. ನಗರದ ಎಂಜಿನಿಯರ್ ಹರ್ಬರ್ಟ್ ಮಾನ್ಜೋನಿಯ ಯೋಜನೆಯಲ್ಲಿ ಬಡಾವಣೆ ಬಡಾವಣೆಗಳೇ ನೆಲಸಮವಾದವು. ಜನ ಸ್ನಾನದ ಮನೆ, ಒಳಗಿನ ಕಕ್ಕಸು, ಎರಡು ಕಡೆ ಕಿಟಕಿ ಇರುವ ಹೊಸ ಮನೆಗಳಿಗೆ ಹೋದರು.

ಹಾಗಾದರೆ 15ನೇ ಕೋರ್ಟ್ ಹೇಗೆ ಉಳಿಯಿತು? ಅದನ್ನು ಯಾರೂ ಉಳಿಸಲಿಲ್ಲ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಹರ್ಸ್ಟ್ ಸ್ಟ್ರೀಟ್ ವ್ಯಾಪಾರದ ಬೀದಿಯಾಯಿತು, ಮುಂದಿನ ಮನೆಗಳ ಕೆಳಕೋಣೆಗಳು ಅಂಗಡಿಯಾದವು. 1966ರಲ್ಲಿ ಅಧಿಕಾರಿಗಳು ಬಂದು ಈ ಮನೆಗಳು ಮನುಷ್ಯರ ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿದರು. ಮೇಲೆ ಮಲಗುವವರು ಹೋದರು. ಕೆಳಗೆ ಅಂಗಡಿ ಹಾಕಿದವರು ಉಳಿದರು, ಯಾಕೆಂದರೆ ಘೋಷಣೆ ವಾಸಕ್ಕೆ, ವ್ಯಾಪಾರಕ್ಕಲ್ಲ. ಅಂಗಡಿಗಳಿದ್ದುದರಿಂದ ಕಟ್ಟಡ ಉಳಿಯಿತು. ಸುತ್ತಲಿನ ಸಾವಿರಾರು ವಠಾರ ಮಾಯವಾಗಿ, ನಗರದ ನಡುವೆ ಪೂರ್ತಿ ಉಳಿದ ಬೆನ್ನುಮನೆಗಳ ವಠಾರ ಇದೊಂದೇ ಎಂದು ಗೊತ್ತಾಗುವಷ್ಟರಲ್ಲಿ 1980ರ ದಶಕ ಬಂದಿತ್ತು. 1988ರಲ್ಲಿ ಪಟ್ಟಿಗೆ ಸೇರಿತು. ಬರ್ಮಿಂಗ್‌ಹ್ಯಾಮ್ ಕನ್ಸರ್ವೇಷನ್ ಟ್ರಸ್ಟ್ ಕೈಗೊಂಡ ದುರಸ್ತಿಯ ನಂತರ 2004ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

*

ಇಲ್ಲಿ ನನ್ನದೊಂದು ಸ್ವಂತ ತೊಡಕನ್ನು ಹೇಳಿಕೊಳ್ಳಬೇಕು. ನನ್ನ ಅಜ್ಜಿ ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಲೈನ್‌ಮನೆಯಲ್ಲಿ ಮೂವತ್ತು ವರ್ಷ ಇದ್ದವಳು. ಒಂದೇ ಹೆಂಚಿನ ಸೂರಿನ ಕೆಳಗೆ ಮುಂದೆ ಐದು ಬಾಗಿಲು, ಹಿಂದೆ ಐದು ಬಾಗಿಲು, ನಡುವೆ ಒಂದೇ ಗೋಡೆ. ಅವಳ ವಿಳಾಸ ‘ಹಿಂದಿನ ಲೈನು, ಮೂರನೇ ಮನೆ’. ಬರ್ಮಿಂಗ್‌ಹ್ಯಾಮಿನ ಗಣತಿಯಲ್ಲಿ ‘ಹಿಂದಿನ ಒಂದನೆಯದು’ ಎಂದು ಓದಿದ ದಿನ ನನಗೆ ಮುಂದೆ ಓದಲಾಗಲಿಲ್ಲ. ಆ ನಕ್ಷೆ ಅಲ್ಲಿಂದ ಹಡಗು ಹತ್ತಿ ಇಲ್ಲಿಗೆ ಬಂತೆಂದು ನಾನು ಹೇಳುತ್ತಿಲ್ಲ. ಎರಡೂವರೆ ಗೋಡೆಯ ಲೆಕ್ಕವನ್ನು ಯಾರು ಎಲ್ಲಿ ಹಾಕಿದರೂ ಉತ್ತರ ಅದೇ ಬರುತ್ತದೆ.

1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಕೊಡುವುದು ಮಾಲೀಕರ ಹೊಣೆ ಎಂದಿತು. ಅಜ್ಜಿಯ ಲೈನು ಮಾತ್ರ ಹೆಂಚು ಬದಲಿಸಿಕೊಂಡು ಹಾಗೇ ನಿಂತಿತ್ತು. ಮೂರು ವರ್ಷದ ಹಿಂದೆ ಅದನ್ನು ಕೆಡವಿ ಹೊಸ ಮನೆ ಕಟ್ಟುತ್ತಾರೆಂದು ಸುದ್ದಿ ಬಂದಾಗ ನನಗೆ ಕಸಿವಿಸಿಯಾಯಿತು. ಉಳಿಸಿಕೊಳ್ಳಬೇಕಲ್ಲವೇ ಎಂದು ಅಜ್ಜಿಯ ಹತ್ತಿರ ಅಂದೆ. ಅವಳು ಎಲೆಅಡಿಕೆ ಬಾಯಿಗಿಟ್ಟುಕೊಂಡು, ‘ನೀನು ಮಳೆಗಾಲದಲ್ಲಿ ಒಂದು ತಿಂಗಳು ಇದ್ದು ನೋಡು, ಆಮೇಲೆ ಉಳಿಸು’ ಎಂದಳು.

ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಡವರ ಮನೆಯನ್ನು ಪರಂಪರೆ ಎಂದು ಕರೆಯುವುದು ಬಡವರು ಅದನ್ನು ಬಿಟ್ಟುಹೋದ ಮೇಲೆ ಮಾತ್ರ ಸುಲಭ. ಹರ್ಸ್ಟ್ ಸ್ಟ್ರೀಟಿನಲ್ಲೂ ಹಾಗೇ ಆಗಿದೆ. ವಾಸಕ್ಕೆ ಯೋಗ್ಯವಲ್ಲ ಎಂದು 1966ರಲ್ಲಿ ಘೋಷಿಸಿದ ಇದೇ ವಠಾರದ ಎರಡು ಮನೆಗಳನ್ನು ಟ್ರಸ್ಟ್ ಇವತ್ತು ರಜೆಯ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುತ್ತದೆ. ಈಗ ಒಳಗೆ ಬಿಸಿನೀರು, ಸ್ನಾನದ ಕೋಣೆ ಎಲ್ಲಾ ಉಂಟು. ಬೇಡವೆಂದಾಗ ಎದ್ದು ಹೋಗಬಹುದೆಂಬುದು ಎಲ್ಲಕ್ಕಿಂತ ದೊಡ್ಡ ಸೌಕರ್ಯ. ಇದನ್ನು ಅಣಕವೆನ್ನುವುದು ಸುಲಭ, ನಾನೂ ಮೊದಲು ಹಾಗೇ ಬರೆದಿದ್ದೆ. ಆಮೇಲೆ ಆ ಸಾಲನ್ನು ಹೊಡೆದುಹಾಕಿದೆ. ಒಂದು ವಠಾರ ನಿಂತಿರುವುದರಿಂದಲೇ ಅಲ್ಲವೇ ನಾನು ಆ ಮಬ್ಬು ಕೋಣೆಯಲ್ಲಿ ನಿಂತು ಕಿಟಕಿ ಎಣಿಸಲು ಸಾಧ್ಯವಾದದ್ದು? ವರದಿಗಳಲ್ಲಿ ‘ಗಾಳಿಯಾಡದ ಕೋಣೆ’ ಎಂದು ಎಷ್ಟೋ ಸಲ ಓದಿದ್ದೆ. ಮೈಗೆ ಗೊತ್ತಾದದ್ದು ಎಂಟು ಜನ ಸಂದರ್ಶಕರು ಒಳಗೆ ಸೇರಿ ಐದು ನಿಮಿಷವಾದಾಗ.

ಪಟ್ಟಿಗೆ ಸೇರಿಸುವವರು ಒಂದು ಕಟ್ಟಡದಲ್ಲಿ ಏನೇನಿದೆ ಎಂದು ಬರೆಯುತ್ತಾರೆ. ಇಟ್ಟಿಗೆಯ ಬಣ್ಣ, ಕಿಟಕಿಯ ಚೌಕಟ್ಟು, ಮಹಡಿಗಳ ಸಂಖ್ಯೆ, ಚಾವಣಿಯ ಹೊದಿಕೆ. ಅರಮನೆಗೂ ಚರ್ಚಿಗೂ ಆ ಪದ್ಧತಿ ಸಾಕು. ಬೆನ್ನುಮನೆಯ ವಾಸ್ತುವನ್ನು ಮಾತ್ರ ಇಲ್ಲದ್ದರಿಂದ ಓದಬೇಕು: ಇಲ್ಲದ ಹಿಂಬಾಗಿಲು, ಇಲ್ಲದ ಹಿತ್ತಿಲು, ಇಲ್ಲದ ವಿಳಾಸ. ಶಿಲ್ಪಿ ಇಲ್ಲದೆಯೂ ಅಲ್ಲಿ ತೀರ್ಮಾನಗಳಿದ್ದವು. ಎಷ್ಟು ಗಾಳಿ ಸಾಕು, ಒಂದು ಕಕ್ಕಸು ಎಷ್ಟು ಮನೆಗೆ, ಯಾರ ಬಾಗಿಲು ಬೀದಿಗೆ, ಯಾರದು ಕತ್ತಲೆಗೆ ಎಂದು ಯಾರೋ ಕೂತು ಲೆಕ್ಕ ಹಾಕಿದ್ದರು. ಆ ಲೆಕ್ಕ ಇಟ್ಟಿಗೆಯಲ್ಲಿ ಉಳಿದಿದೆ. ಸೆಮಿನಾರಿನ ಪ್ರಶ್ನೆಗೆ ಇದೇ ನನ್ನ ಉತ್ತರ.

ಸಾವಿರಾರು ವಠಾರ ಕೆಡವಿದ್ದು ಸರಿ, ಒಂದನ್ನು ಉಳಿಸಿದ್ದೂ ಸರಿ ಎಂದು ಈಗ ನನಗೆ ಅನ್ನಿಸುತ್ತದೆ. ಒಳಗಿದ್ದವರಿಗೆ ಒಳ್ಳೆಯ ಮನೆ ಕೊಡದೆ ಕೆಡವುವುದು ಒಂದು ತಪ್ಪು. 1875ರ ಬರ್ಮಿಂಗ್‌ಹ್ಯಾಮ್ ಮಾಡಿದ್ದು ಅದನ್ನೇ. ಅಳತೆಯನ್ನೂ ಬರೆದಿಟ್ಟುಕೊಳ್ಳದೆ ಕೆಡವುವುದು ಇನ್ನೊಂದು ತಪ್ಪು. ನಮ್ಮಲ್ಲಿ ಗುಡಿಗಳ, ಕೋಟೆಗಳ ನಕ್ಷೆಗಳಿವೆ. ಶಾಸನಗಳ ಸಂಪುಟಗಳಿವೆ. ಲೈನ್‌ಮನೆಯ, ಗಿರಣಿ ವಠಾರದ ಅಳತೆ ಹುಡುಕಿಕೊಂಡು ಹೊರಟರೆ ಕೈಗೆ ಹತ್ತುವುದು ತೀರಾ ಕಡಿಮೆ.

ಲೈನು ಕೆಡವುವ ಹಿಂದಿನ ವಾರ ನಾನು ಟೇಪು ಹಿಡಿದು ಅಲ್ಲಿಗೆ ಹೋದೆ. ಅಜ್ಜಿ ಟೇಪಿನ ಒಂದು ತುದಿ ಹಿಡಿದುಕೊಂಡಳು. ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಕಿಟಕಿ ಒಂದು. ಹಿಂಗೋಡೆಯಲ್ಲಿ ಏನು ಬರೆದುಕೊಳ್ಳುವುದೆಂದು ನಾನು ಪೆನ್ನು ಹಿಡಿದು ನಿಂತಾಗ, ಮುಂದಿನ ಲೈನಿನಲ್ಲಿದ್ದವರ ಹೆಸರನ್ನು ಅವಳು ಒಂದೊಂದಾಗಿ ಹೇಳತೊಡಗಿದಳು. ಯಾರ ಮಗು ಯಾವಾಗ ಹುಟ್ಟಿತು, ಯಾರು ರಾತ್ರಿಯೆಲ್ಲ ಕೆಮ್ಮುತ್ತಿದ್ದರು, ಎಲ್ಲಾ ಅವಳಿಗೆ ಗೋಡೆಯಾಚೆಯಿಂದಲೇ ಗೊತ್ತಿತ್ತು. ಅಷ್ಟನ್ನೂ ಆ ಗೋಡೆಯ ಗೆರೆಯ ಪಕ್ಕದಲ್ಲೇ ಬರೆದುಕೊಂಡಿದ್ದೇನೆ. ನನ್ನ ಪ್ರಬಂಧದ ಕೊನೆಯ ನಕ್ಷೆ ಅದು.